ಅನ್ನವಿಕ್ರಯದ ಪೂರ್ವೋತ್ತರ

ಅನ್ನವನ್ನು ಇಕ್ಕಬೇಕು, ಮಾರಬಾರದು ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂದರೆ, ಹಸಿದು ಬಂದವನಿಂದ ಹಣ ಪಡೆದು ಎಲೆ ಹಾಕುವ ಕೆಲಸಕ್ಕೆ ಅನ್ನವಿಕ್ರಯವೆಂದು ಹೆಸರಿಟ್ಟು ಅದನ್ನು ನಿಂದ್ಯವೃತ್ತಿಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ಉಣ್ಣುವವನ ಕಡೆಯಿಂದಲೂ ಅಡ್ಡಿಗಳು ಕಡಮೆಯಿರಲಿಲ್ಲ. ಅಡುಗೆ ಮಾಡಿದವರು ಯಾರು, ಮಡಿಯಲ್ಲಿ ಮಾಡಿದರೋ ಮೈಲಿಗೆಯಲ್ಲಿ ಮಾಡಿದರೋ, ನೀರು ಯಾವ ಬಾವಿಯದು, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವನು ಯಾವ ಜಾತಿಯವನು ಎಂಬ ಪ್ರಶ್ನೆಗಳಿಗೆಲ್ಲ ಸಮಾಧಾನ ದೊರೆತ ಮೇಲಷ್ಟೆ ತುತ್ತು ಗಂಟಲಿಗಿಳಿಯಬೇಕಾಗಿದ್ದ ಆ ಕಾಲದಲ್ಲಿ, ಪರಸ್ಥಳಕ್ಕೆ ಹೊರಟವನು ತನ್ನ ಬುತ್ತಿಯನ್ನು ತಾನೇ ಹೊತ್ತು ನಡೆಯುವುದು ಅನಿವಾರ್ಯವಾಗಿತ್ತು. ಹಳೆಯ ಮೈಸೂರಿನ ಕಡೆಯವರ ಗಂಟಿನಲ್ಲಿ ಹುಳಿಯನ್ನ, ಹುರಿಹಿಟ್ಟು, ಅವಲಕ್ಕಿ. ಬಡಗಣ ಬಯಲುನಾಡಿನವರ ಗಂಟಿನಲ್ಲಿ ಕಟಿರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ದಾರಿಯಲ್ಲಿ ಅರವಟ್ಟಿಗೆಯವರು ನೀರುಮಜ್ಜಿಗೆ ಕೊಟ್ಟರು, ಊರು ಸಿಕ್ಕಲ್ಲಿ ಛತ್ರವಿತ್ತು, ಕ್ಷೇತ್ರ ಸೇರಿದರೆ ದೇವರ ಪ್ರಸಾದವಿತ್ತು. ಇವುಗಳಲ್ಲಿ ಯಾವುದಕ್ಕೂ ಬೆಲೆಯಿರಲಿಲ್ಲ. ಹಾಗೆಯೇ, ಇಂಥದು ಬೇಕೆಂದು ಕೇಳುವ ಅಧಿಕಾರವೂ ಉಣ್ಣುವವನಿಗೆ ಇರಲಿಲ್ಲ.

ಇಷ್ಟರಿಂದ ನಮ್ಮ ಪೂರ್ವಿಕರು ರಸನೇಂದ್ರಿಯವನ್ನು ಜಯಿಸಿದ ವಿರಕ್ತರಾಗಿದ್ದರೆಂದು ಯಾರೂ ಭಾವಿಸಬೇಕಾದದ್ದಿಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆಯ ಹೆಸರುಂಟು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ಹನ್ನೆರಡನೆಯ ಶತಮಾನದ ಚಾಳುಕ್ಯ ಸೋಮೇಶ್ವರನ ಮಾನಸೋಲ್ಲಾಸವೂ ಪಾಕವಿಷಯವನ್ನು ಆದರದಿಂದ ವರ್ಣಿಸುತ್ತವೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ಪದ್ಯದಲ್ಲಿ ರಚಿಸಿದನು. ಆದರೆ ಅವೆಲ್ಲ ಅರಮನೆಯ ಮತ್ತು ಉಳ್ಳವರ ಮನೆಯ ಅಡುಗೆ. ಪುರುಸೊತ್ತು ಮತ್ತು ಸಮೃದ್ಧಿ ಎರಡೂ ಕೂಡಿದಲ್ಲಿ ಹುಟ್ಟಿದ್ದು. ಇಂದು ನಾವು ಹೋಟೆಲಿನ ರುಚಿಯೆಂದು ಯಾವುದನ್ನು ನೆನೆದು ಬಾಯಿ ನೀರೂರಿಸಿಕೊಳ್ಳುತ್ತೇವೆಯೋ ಅದರ ಜನ್ಮವೃತ್ತಾಂತ ಬೇರೆಯೇ ಆಗಿದೆ. ಅವಸರ, ಅಭಾವ, ನಿರ್ಬಂಧ ಎಂಬ ಮೂವರು ದಾಯಾದಿಗಳು ಬಾಣಸಿಗನನ್ನು ಮೂಲೆಗೆ ಒತ್ತಿದಾಗ ಅವನು ಹೂಡಿದ ಉಪಾಯಗಳೇ ಕಾಲಾಂತರದಲ್ಲಿ ಸಂಪ್ರದಾಯಗಳಾದುವೆಂದು ನನ್ನ ಎಣಿಕೆ.

ಮೊದಲು ಬಂದದ್ದು ಅವಸರ; ಅದನ್ನು ತಂದದ್ದು ರೈಲು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಹಳಿ ಬಂದಿತು. 1880ರ ದಶಕದ ಆರಂಭದಲ್ಲಿ ಬೆಂಗಳೂರಿಗೂ ಮೈಸೂರಿಗೂ ಸಂಪರ್ಕವಾಯಿತು. ಎತ್ತಿನ ಗಾಡಿ ಪ್ರಯಾಣಿಕನಿಗಾಗಿ ಕಾಯುತ್ತಿತ್ತು, ಉಗಿಬಂಡಿ ಕಾಯಲೊಲ್ಲದು. ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿ ಅನ್ನ ಬಸಿಯುವಷ್ಟು ವ್ಯವಧಾನವನ್ನು ಅದು ಯಾರಿಗೂ ಕೊಡಲಿಲ್ಲ. ಆ ಮಾರ್ಗದ ನಡುವಿನ ಮದ್ದೂರಿನಲ್ಲಿ ಗಾಡಿ ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದ ಕೆಲವು ನಿಮಿಷಗಳಲ್ಲಿಯೇ ಕುಂದಾಪುರದ ಸೀಮೆಯಿಂದ ಬಂದ ರಾಮಚಂದ್ರ ಬುಧ್ಯರ ವ್ಯಾಪಾರವೆಲ್ಲ ಮುಗಿಯಬೇಕಾಗಿತ್ತು. 1917ರ ಸುಮಾರಿನಲ್ಲಿ ಒಂದು ದಿನ, ಗಾಡಿ ಬರುವ ಹೊತ್ತಿಗೆ ಪಕೋಡ ಸಿದ್ಧವಾಗದಿರಲು, ಕೈಗೆ ಸಿಕ್ಕ ಹಿಟ್ಟು ರವೆಗಳನ್ನೆಲ್ಲ ಕೂಡಿಸಿ, ಈರುಳ್ಳಿ ಹೆಚ್ಚಿ ಹಾಕಿ ಕಲಸಿ, ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಕೊಂಡವರು ಮರಳಿ ಬರುವಾಗ ಅದನ್ನೇ ಕೇಳಿದರೆಂದೂ ಹೇಳುತ್ತಾರೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಆದರೆ ತಿಂಡಿಯ ಲಕ್ಷಣ ಕಥೆಯನ್ನು ಸಮರ್ಥಿಸುತ್ತದೆ. ಉದ್ದಿನ ವಡೆಗೆ ನೆನೆಹಾಕುವುದು, ರುಬ್ಬುವುದು ಎಂಬ ಎರಡು ಕಾಲಹರಣಗಳುಂಟು. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗಳ ಮದ್ದೂರು ವಡೆಗೆ ಎರಡೂ ಬೇಡ, ಚಪ್ಪಟೆಯಾದದ್ದರಿಂದ ಒಳಗೆ ಬೇಗ ಬೇಯುತ್ತದೆ, ಗರಿಗರಿಯಾದದ್ದರಿಂದ ಮರುದಿನಕ್ಕೂ ಕೆಡದು, ಚಟ್ನಿಯ ಹಂಗೂ ಇಲ್ಲ. ಈಚೆಗೆ ಅದೇ ಹೆಸರಿನಲ್ಲಿ ಗಾಡಿಗಳೊಳಗೆ ಹೊತ್ತು ಮಾರುವ ಪದಾರ್ಥದ ವಿಷಯದಲ್ಲಿ ಮೌನವೇ ಲೇಸು.

ಪಟ್ಟಣಗಳಲ್ಲಿ ಈ ಕಾಲಕ್ಕೆ ಇನ್ನೊಂದು ಬದಲಾವಣೆ ನಡೆದಿತ್ತು. ಕಚೇರಿಯ ಗುಮಾಸ್ತೆ, ಕಾಲೇಜಿನ ವಿದ್ಯಾರ್ಥಿ, ಮೊಕದ್ದಮೆಗೆ ಬಂದ ರೈತ ಎಂಬ ಮನೆಯಿಂದ ದೂರವಾದ ಜನವರ್ಗವು ಬೆಳೆದು, ಅವರಿಗೆಲ್ಲ ಕಾಫಿಯ ರುಚಿ ಹತ್ತಿ, ಬೀದಿಬೀದಿಗೆ ಕಾಫಿ ಕ್ಲಬ್ಬುಗಳು ತಲೆಯೆತ್ತಿದುವು. ಅವುಗಳನ್ನು ನಡೆಸಲು ಉಡುಪಿಯ ಸೀಮೆಯವರೇ ಮುಂದಾದದ್ದು ಆಕಸ್ಮಿಕವಲ್ಲ. ಅಷ್ಟಮಠಗಳ ನಡುವೆ ಎರಡು ವರ್ಷಕ್ಕೊಮ್ಮೆ ಪರ್ಯಾಯದ ಸರದಿ ಬದಲಾಗುವ ಆ ಊರಿನಲ್ಲಿ ಸಾವಿರಾರು ಎಲೆಗಳಿಗೆ ಒಂದೇ ಹದದ ಸಾರು ಒಂದೇ ಹೊತ್ತಿಗೆ ಇಳಿಯಬೇಕು. ಆ ಶಿಸ್ತು ಎಷ್ಟೋ ತಲೆಮಾರುಗಳಿಂದ ಅಲ್ಲಿಯ ಅಡುಗೆಯವರಿಗೆ ರೂಢಿಯಾಗಿತ್ತು. ಜೊತೆಗೆ ಆ ಕರಾವಳಿಯಲ್ಲಿ ಹೊಲ ಚಿಕ್ಕದು, ಸಂಸಾರ ದೊಡ್ಡದು. 1923ರ ಪ್ರವಾಹವು ಇದ್ದ ಬದುಕನ್ನೂ ತೊಳೆದುಕೊಂಡು ಹೋಯಿತು. ಹತ್ತು ಹನ್ನೆರಡು ವರ್ಷದ ಮಾಣಿಗಳು ಬಂಧುಗಳ ಹಿಂದೆ ಘಟ್ಟ ಹತ್ತಿ ಬಂದು, ಲೋಟ ತೊಳೆಯುವುದರಿಂದ ತೊಡಗಿ, ಸಪ್ಲೈಯರಾಗಿ, ಗಲ್ಲಾದ ಬಳಿ ನಿಂತು, ಕೊನೆಗೆ ತಾವೇ ಯಜಮಾನರಾದ ಕಥೆ ಕರಾವಳಿಯ ಯಾವ ಊರಿನಲ್ಲಿ ಇಲ್ಲ? ಕಡಂದಲೆಯ ಕೃಷ್ಣರಾಯರು ಮದರಾಸಿಗೆ ಹೋಗಿ, 1930ರ ದಶಕದ ಕೊನೆಯಲ್ಲಿ ರಾಯಪೇಟೆಯ ದೊಡ್ಡದೊಂದು ಬಂಗಲೆಯನ್ನು ಹಿಡಿದು, ಆ ಬಂಗಲೆಗಿದ್ದ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನೇ ತಮ್ಮ ಹೋಟೆಲಿಗೆ ಇಟ್ಟರು. 1962ರಲ್ಲಿ ಕಾರಿನಲ್ಲಿ ಕುಳಿತವರಿಗೆ ಅಲ್ಲಿಗೇ ತಿಂಡಿ ತಲುಪಿಸುವ ಡ್ರೈವ್-ಇನ್ ತೆರೆದರು. ಮುಂಬಯಿಯ ಮಾಟುಂಗಾ ನಿಲ್ದಾಣದ ಬಳಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದು, ಗಿರಣಿ ಕಚೇರಿಗಳ ನಡುವೆ ಒಂಟಿಯಾಗಿದ್ದ ದಕ್ಷಿಣದವರಿಗೆ ಬಾಳೆಯೆಲೆಯ ಊಟವನ್ನು ಒದಗಿಸಿದರು.

ಬೆಂಗಳೂರಿನಲ್ಲಿ ಈ ಪರಂಪರೆಯ ಶಿಖರವೆಂದರೆ ಮಾವಳ್ಳಿ ಟಿಫಿನ್ ರೂಮ್ಸ್. ಕೋಟದ ಸಮೀಪದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ರಸ್ತೆಯಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಿಂದ ಆರಂಭಿಸಿದ ಅಂಗಡಿ ಅದು. ಸೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳ ನೈರ್ಮಲ್ಯವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಏರ್ಪಾಡನ್ನೂ ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವ ಪದ್ಧತಿಯನ್ನೂ ತಂದರು. ಮಡಿಯೆಂದರೆ ಪರರ ದೃಷ್ಟಿಗೆ ಅಡುಗೆಯನ್ನು ಮರೆಮಾಡುವುದಾಗಿದ್ದ ಸಮಾಜದಲ್ಲಿ, ಶುಚಿಯೆಂದರೆ ಎಲ್ಲರಿಗೂ ತೋರಿಸುವುದು ಎಂದು ಸಾರಿದ ಈ ಕ್ರಮಕ್ಕೆ ಇತಿಹಾಸಕಾರರು ಕೊಡಬೇಕಾದಷ್ಟು ಬೆಲೆಯನ್ನು ಕೊಟ್ಟಿಲ್ಲವೆಂದು ತೋರುತ್ತದೆ. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದು ಅಲ್ಲಿಂದ ಬರುವ ಅಕ್ಕಿ ನಿಂತುಹೋಗಿ, ರೇಷನ್ನಿನ ಕಾಲದಲ್ಲಿ ಇಡ್ಲಿಗೆ ಅಕ್ಕಿ ದುರ್ಲಭವಾದಾಗ, ಗೋಧಿಯ ರವೆಯನ್ನು ಹುರಿದು, ಮೊಸರು ಸೋಡಾ ಬೆರೆಸಿ, ಸಾಸಿವೆ ಗೋಡಂಬಿಗಳ ಒಗ್ಗರಣೆ ಕೊಟ್ಟು ಹಬೆಯಲ್ಲಿ ಬೇಯಿಸಿದ ರವೆ ಇಡ್ಲಿ ಇಲ್ಲಿಯೇ ಹುಟ್ಟಿತೆಂದು ಪ್ರತೀತಿ. ಉದ್ದು ಇಲ್ಲ, ರುಬ್ಬುವ ಕಲ್ಲಿಲ್ಲ, ರಾತ್ರಿಯೆಲ್ಲ ಹುದುಗುವ ಕಾಯುವಿಕೆಯಿಲ್ಲ. ತುಪ್ಪ ಮತ್ತು ಆಲೂಗೆಡ್ಡೆ ಸಾಗುವಿನೊಡನೆ ಅದನ್ನು ತಿಂದವರು ಅಕ್ಕಿ ಮರಳಿ ಬಂದ ಮೇಲೂ ಬಿಡಲಿಲ್ಲ. ಅದೇ ಅಭಾವಕಾಲದಲ್ಲಿ, 1943ರಲ್ಲಿ, ಗಾಂಧಿಬಜಾರಿನ ವಿದ್ಯಾರ್ಥಿಭವನ ಆರಂಭವಾಗಿ, ಹೆಸರಿಗೆ ತಕ್ಕಂತೆ ಸುತ್ತಲಿನ ಶಾಲೆಗಳ ಹುಡುಗರ ಹಸಿವನ್ನು ತಣಿಸತೊಡಗಿತು. ಅದರ ದೋಸೆಯ ಕೀರ್ತಿಯನ್ನು ನಾನು ವಿಸ್ತರಿಸಬೇಕಾದ್ದಿಲ್ಲ.

ಹೋಟೆಲು ಜಾತಿಯನ್ನು ಅಳಿಸಿತೆಂದು ಸುಲಭವಾಗಿ ಹೇಳಿಬಿಡುವವರುಂಟು. ಆ ಮಾತಿಗೆ ಸ್ವಲ್ಪ ತಡೆ ಹಾಕಬೇಕು. ಹೋಟೆಲು ಮೊದಲು ಜಾತಿಯ ನೆರಳಿನಲ್ಲಿಯೇ ಬೆಳೆಯಿತು. ‘ಬ್ರಾಹ್ಮಣರ’ ಎಂಬ ಬೋರ್ಡು ಗಿರಾಕಿಗೆ ಧೈರ್ಯ ಕೊಡುವ ರುಜುವಾತಾಗಿತ್ತು. ಒಳಗೆ ಬೇರೆ ಬೇರೆ ಕೋಣೆಗಳಿದ್ದುವು. ಎಷ್ಟೋ ಜನರಿಗೆ ಬಾಗಿಲಿನ ಹೊರಗೇ, ಪ್ರತ್ಯೇಕ ಲೋಟದಲ್ಲಿ ಕಾಫಿ ಹೊಯ್ಯುತ್ತಿದ್ದರು. ರೈಲುನಿಲ್ದಾಣಗಳಲ್ಲಿ ಕುಡಿಯುವ ನೀರಿಗೂ ಹಿಂದೂ ಮುಸಲ್ಮಾನ ಎಂಬ ಭೇದವಿತ್ತು. ನಮ್ಮ ಸಂವಿಧಾನವನ್ನು ಬರೆದವರು ಹದಿನೈದನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಅಲ್ಲಿ ಯಾರನ್ನೂ ಜಾತಿಧರ್ಮಗಳ ಕಾರಣದಿಂದ ತಡೆಯಕೂಡದೆಂದು ಬರೆದದ್ದು ಸುಮ್ಮನೆ ಅಲ್ಲ. 1955ರಲ್ಲಿ ಅಸ್ಪೃಶ್ಯತೆಯನ್ನು ದಂಡನೀಯವಾಗಿಸುವ ಕಾಯಿದೆ ಬಂದಿತು. 1957ರಲ್ಲಿ ಮದರಾಸಿನಲ್ಲಿ ಪೆರಿಯಾರರು ಹೋಟೆಲೊಂದರ ಬೋರ್ಡಿನ ಮೇಲಿದ್ದ ಬ್ರಾಹ್ಮಣ ಶಬ್ದದ ವಿರುದ್ಧ ಚಳವಳಿಯನ್ನೇ ಹೂಡಿದರು. ಇತ್ತ ಹಳೆಯ ಮೈಸೂರಿನ ಮಿಲಿಟರಿ ಹೋಟೆಲುಗಳೂ, ಹುಬ್ಬಳ್ಳಿ ಗದಗಿನ ಸಾವಜಿ ಖಾನಾವಳಿಗಳೂ ಮಾಂಸದೂಟದ ಬೇರೊಂದು ಇತಿಹಾಸವನ್ನು ಕಟ್ಟುತ್ತಿದ್ದುವು. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ನಿರ್ಬಂಧವು ಜಾಣತನವನ್ನು ಹೇಗೆ ಹುಟ್ಟಿಸುತ್ತದೆಂಬುದಕ್ಕೆ ಅಯ್ಯಂಗಾರ್ ಬೇಕರಿಗಿಂತ ಸೊಗಸಾದ ನಿದರ್ಶನ ದೊರೆಯದು. 1809ರಿಂದ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟ ಸೈನ್ಯಕ್ಕೆ ಬ್ರೆಡ್ಡು ಬೇಕಾಗಿತ್ತು. ಆದರೆ ಪೇಟೆಯ ಸಂಪ್ರದಾಯಸ್ಥರಿಗೆ ಮೊಟ್ಟೆಯ ಶಂಕೆಯಿಂದ ಆ ಭಟ್ಟಿಯ ವಾಸನೆಯೇ ಆಗುತ್ತಿರಲಿಲ್ಲ. ಹಾಸನದ ಸೀಮೆಯವರಾದ ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ, ಮುಂದೆ ಬಿ. ಬಿ. ಬೇಕರಿಯೆಂದು ಹೆಸರಾದ ಅಂಗಡಿಯು, ಸಿಹಿತಿಂಡಿ ಕೊಳ್ಳಲು ಬರುತ್ತಿದ್ದ ಆಂಗ್ಲರೊಬ್ಬರಿಂದ ಭಟ್ಟಿಯ ವಿದ್ಯೆಯನ್ನು ಕಲಿತಿತೆಂಬುದು ವಂಶಪರಂಪರೆಯಾಗಿ ಬಂದ ಮಾತು. ವಿದ್ಯೆ ಪರಕೀಯವಾಯಿತು, ಆಚಾರ ಸ್ವಕೀಯವಾಗಿಯೇ ಉಳಿಯಿತು: ಸೌದೆಯ ಭಟ್ಟಿ, ಮೊಟ್ಟೆಯಿಲ್ಲದ ಕೇಕು, ಹಸಿಮೆಣಸು ಕರಿಬೇವು ಬೆರೆಸಿದ ಖಾರಾ ಬನ್ನು, ಆಲೂಗೆಡ್ಡೆ ಪಲ್ಯವನ್ನು ಒಡಲಲ್ಲಿಟ್ಟ ಬನ್ನು, ಬೆಣ್ಣೆ ಬಿಸ್ಕತ್ತು. ಕಾಯಿಯ ಹೂರಣ ತುಂಬಿದ ದಿಲ್‌ಪಸಂದಂತೂ ಭಟ್ಟಿಗೆ ಹೋಗಿಬಂದ ಒಬ್ಬಟ್ಟೇ ಸರಿ. ಹಾಸನದ ಹಳ್ಳಿಗಳಿಂದ ಬಂಧುಬಳಗದವರು ಒಬ್ಬರ ಹಿಂದೊಬ್ಬರು ಬಂದು, ಕೆಲಸ ಕಲಿತು, ಬಡಾವಣೆಗೊಂದರಂತೆ ಬೇಕರಿ ತೆರೆದರು, ವಿಶ್ವೇಶ್ವರಪುರದ ವಿ. ಬಿ. ಬೇಕರಿ 1953ರದು.

ಬೇಕರಿಯಿಂದ ಈ ವಿದ್ಯೆ ಮನೆಗೂ ನುಸುಳಿತು. ಭಟ್ಟಿಯಿಲ್ಲದ ಗೃಹಿಣಿ ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರೊಳಗೆ ಹಿಟ್ಟಿನ ತಟ್ಟೆಯನ್ನಿರಿಸಿ, ಮುಚ್ಚಳದ ಮೇಲೆ ಕೆಂಡ ಸುರಿದು, ಮೇಲುಗಡೆಯ ಉರಿಯನ್ನೂ ಕೆಳಗಡೆಯ ಉರಿಯನ್ನೂ ತೂಗಿ ನಡೆಸುತ್ತಿದ್ದಳು. ಕೆಲವರು ಹಿಟ್ಟು, ಸಕ್ಕರೆ, ವನಸ್ಪತಿಗಳನ್ನು ಬೇಕರಿಗೇ ಒಯ್ದು ಡಬ್ಬಿಯ ತುಂಬ ಬಿಸ್ಕತ್ತು ಸುಡಿಸಿಕೊಂಡು ಬರುತ್ತಿದ್ದರು. ಕುಕ್ಕರೂ ಅಲ್ಯೂಮಿನಿಯಮ್ಮಿನ ದುಂಡನೆಯ ಕರೆಂಟು ಓವನ್ನೂ ಬಂದದ್ದು ಆಮೇಲೆ.

ಹೋಟೆಲಿನ ಅಡುಗೆ ಮನೆಗೆ ಬಂದ ದಾರಿಯೂ ವಿಚಿತ್ರವೇ. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರವು ತಿಂಡಿಗಳ ದರವನ್ನು ಇಳಿಸಿ ಗೊತ್ತುಮಾಡಲು, ಗುಣವನ್ನು ತಗ್ಗಿಸಲೊಪ್ಪದ ಮಾವಳ್ಳಿಯವರು ಪ್ರತಿದಿನದ ನಷ್ಟವನ್ನು ಫಲಕದ ಮೇಲೆ ಬರೆದು ಹಾಕಿ, ಕಡೆಗೆ ಹೋಟೆಲನ್ನು ಕೆಲಕಾಲ ಮುಚ್ಚಿದರಂತೆ. ಕೈಯಲ್ಲಿದ್ದ ಕೆಲಸಗಾರರನ್ನು ಉಳಿಸಿಕೊಳ್ಳಲು ರವೆ ಇಡ್ಲಿಯ ಹಿಟ್ಟು, ಸಾರಿನ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಆ ಪೊಟ್ಟಣದ ಉದ್ಯಮ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲಿಯೇ ಉಳಿದಿದೆ. ಮದರಾಸಿನ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಸ್ಥಳದಲ್ಲೀಗ ಸರ್ಕಾರದ ಉದ್ಯಾನವಿದೆ.

ಈ ಇತಿಹಾಸದ ಬಹುಭಾಗ ಇನ್ನೂ ಗಲ್ಲಾದ ಹಿಂದೆ ಕುಳಿತ ಹಿರಿಯರ ಬಾಯಲ್ಲಿಯೇ ಇದೆ. ಹಳೆಯ ಹೋಟೆಲು ಬೇಕರಿಗಳ ಮನೆತನದವರು ತಮ್ಮ ಅಟ್ಟದ ಮೇಲಿರುವ ದರಪಟ್ಟಿ, ರೋಜುಕೀರ್ದಿ, ದಿನಸಿಯ ಲೆಕ್ಕ, ಅಡುಗೆಯವರ ಸಂಬಳದ ಪುಸ್ತಕಗಳನ್ನು ರದ್ದಿಯವನಿಗೆ ಹಾಕದೆ, ಹತ್ತಿರದ ಯಾವುದಾದರೊಂದು ಪುಸ್ತಕಭಂಡಾರಕ್ಕೆ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ.