ಹಳೆಯ ಕೋಡಿನ ಶುದ್ಧೀಕರಣ ಮತ್ತು ಹೊಣೆಯ ಹಂಚಿಕೆ: ಈಮ್ಯಾಕ್ಸ್‌ನ ಸ್ಕೀಮ್ ವಿಸ್ತರಣೆಗಳ ಅಧ್ಯಯನ

ಸಾರಾಂಶ

ತಂತ್ರಾಂಶದ ನಿರ್ವಹಣೆಯಲ್ಲಿ ಹೊಸ ಕೋಡ್ ಬರೆಯುವುದಕ್ಕೆ ಬೇಕಾದಷ್ಟೇ ವಿವೇಚನೆ ಹಳೆಯದನ್ನು ಅಳಿಸುವುದಕ್ಕೂ ಬೇಕು. ಈಮ್ಯಾಕ್ಸ್ ಎಡಿಟರಿನಲ್ಲಿ ಸ್ಕೀಮ್ ಭಾಷೆಗಾಗಿ ರೂಪುಗೊಂಡ ಕ್ವ್ಯಾಕ್ ಮತ್ತು ಗೈಸರ್ ಎಂಬ ವಿಸ್ತರಣೆಗಳನ್ನು ಮುಂದಿಟ್ಟುಕೊಂಡು, ಹಳೆಯ ಸಾಲೊಂದನ್ನು ಯಾವಾಗ ತೆಗೆಯಬಹುದು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಆ ಸಾಲಿನ ಹೊಣೆಯನ್ನು ಬೇರೊಂದು ಪದರ ವಹಿಸಿಕೊಂಡಿರಬೇಕು, ಇಲ್ಲವೇ ಆ ಹೊಣೆಯೇ ತೀರಿಹೋಗಿರಬೇಕು ಎಂಬುದು ಇಲ್ಲಿನ ವಾದ.

ಕೀಲಿಪದಗಳು: ತಂತ್ರಾಂಶ ನಿರ್ವಹಣೆ, ಸ್ಕೀಮ್, ಈಮ್ಯಾಕ್ಸ್ ಲಿಸ್ಪ್, ಲೆಕ್ಸಿಕಲ್ ಬೈಂಡಿಂಗ್

1. ಪೀಠಿಕೆ

ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ 1975ರಲ್ಲಿ ಎಂಐಟಿಯಲ್ಲಿ ರೂಪಿಸಿದ ಸ್ಕೀಮ್ ಚಿಕ್ಕ ಭಾಷೆ. ಅದರ ಅನುಷ್ಠಾನಗಳು ಮಾತ್ರ ಹಲವು. ಗೈಲ್, ರ‍್ಯಾಕೆಟ್, ಚಿಕನ್, ಗ್ಯಾಂಬಿಟ್, ಶೇ ಇವೆಲ್ಲ ಒಂದೇ ಕುಟುಂಬದವು. ಆದರೂ ಮಾಡ್ಯೂಲ್ ವ್ಯವಸ್ಥೆ, ಪ್ರಾಂಪ್ಟ್, ದೋಷ ಸಂದೇಶಗಳ ವಿನ್ಯಾಸ ಒಂದೊಂದರಲ್ಲೂ ಬೇರೆ. ಭಾಷೆಯ ಮಾನಕವೂ 1998, 2007 ಮತ್ತು 2013ರ ವರದಿಗಳಲ್ಲಿ ಬದಲಾಗುತ್ತ ಬಂದಿದೆ. ಹೀಗಾಗಿ ಸ್ಕೀಮ್‌ಗೆ ಎಡಿಟರ್ ವಿಸ್ತರಣೆ ಬರೆಯುವವರು ತಮ್ಮ ಹಿಡಿತದಲ್ಲಿಲ್ಲದ ಎರಡು ಸಂಗತಿಗಳನ್ನು ನಂಬಿಕೊಳ್ಳಬೇಕಾಗುತ್ತದೆ: ಎಡಿಟರ್ ಮತ್ತು ಭಾಷೆ. ಎರಡೂ ತಮ್ಮ ತಮ್ಮ ವೇಗದಲ್ಲಿ ಬದಲಾಗುತ್ತವೆ.

ಇ. ಬಿ. ಸ್ವಾನ್ಸನ್ 1976ರಲ್ಲಿ ನಿರ್ವಹಣೆಯ ಕೆಲಸವನ್ನು ದೋಷ ತಿದ್ದುವುದು, ಪರಿಸರಕ್ಕೆ ಹೊಂದಿಸುವುದು, ಉತ್ತಮಪಡಿಸುವುದು ಎಂದು ಮೂರಾಗಿ ವಿಂಗಡಿಸಿದರು. ಬಳಕೆಯಲ್ಲಿರುವ ತಂತ್ರಾಂಶ ನಿರಂತರವಾಗಿ ಬದಲಾಗಬೇಕು, ಪ್ರಯತ್ನಪಟ್ಟು ತಡೆಯದಿದ್ದರೆ ಅದರ ಜಟಿಲತೆ ಬೆಳೆಯುತ್ತದೆ ಎಂಬವು ಮೀರ್ ಲೇಮನ್ ಅವರ ಪ್ರಸಿದ್ಧ ನಿಯಮಗಳು. ಎಡಿಟರ್ ವಿಸ್ತರಣೆಗಳ ಮಟ್ಟಿಗೆ ಸ್ವಾನ್ಸನ್ ಅವರ ಎರಡನೆಯ ವರ್ಗವೇ ಪ್ರಧಾನ. ಒಂದಕ್ಷರವನ್ನೂ ತಿದ್ದದೆ ಬಿಟ್ಟ ಕೋಡ್ ಕೂಡ ಸುತ್ತಲಿನ ಬದಲಾವಣೆಯಿಂದ ಕೆಡುತ್ತದೆ.

2. ಹಿನ್ನೆಲೆ

ಈಮ್ಯಾಕ್ಸ್‌ನ ಜೊತೆಗೇ ಬರುವ ಸ್ಕೀಮ್ ಮೋಡ್ ಬಣ್ಣ ಮತ್ತು ಇಂಡೆಂಟೇಶನ್ನನ್ನು ನೋಡಿಕೊಳ್ಳುತ್ತದೆ. ಓಲಿನ್ ಶಿವರ್ಸ್ ಬರೆದ ಸಿಎಂಯುಸ್ಕೀಮ್ ಎಡಿಟರಿನಿಂದ ಸ್ಕೀಮ್ ಪ್ರಕ್ರಿಯೆಗೆ ಪಠ್ಯವನ್ನು ಕಳಿಸುತ್ತದೆ. ಇವುಗಳ ಮೇಲೆ ನೀಲ್ ವ್ಯಾನ್ ಡೈಕ್ 2002ರಿಂದ ಕ್ವ್ಯಾಕ್ ಅನ್ನು ಕಟ್ಟಿದರು. ಒಂದೇ ದೊಡ್ಡ ಕಡತದಲ್ಲಿದ್ದ ಅದು ಗ್ನೂ ಈಮ್ಯಾಕ್ಸ್ ಮತ್ತು ಅದರಿಂದ ಕವಲೊಡೆದ ಎಕ್ಸ್‌ಈಮ್ಯಾಕ್ಸ್ ಎರಡರಲ್ಲೂ ನಡೆಯುತ್ತಿತ್ತು. ಪಿಎಲ್‌ಟಿ ಸ್ಕೀಮ್‌ಗೆ ವಿಶೇಷ ಬೆಂಬಲ, ಕೈಪಿಡಿಗಳ ಮೆನು, ‘ಲ್ಯಾಂಬ್ಡಾ’ ಪದದ ಜಾಗದಲ್ಲಿ ಗ್ರೀಕ್ ಅಕ್ಷರವನ್ನು ತೋರಿಸುವ ಸೌಲಭ್ಯ ಅದರಲ್ಲಿದ್ದವು. ಹೊಸೆ ಆಂಟೋನಿಯೊ ಒರ್ತೆಗಾ ರೂಯಿಸ್ 2009ರಲ್ಲಿ ಆರಂಭಿಸಿದ ಗೈಸರ್ ಬೇರೆಯ ದಾರಿ ಹಿಡಿಯಿತು. ಓಡುತ್ತಿರುವ ಸ್ಕೀಮ್ ಪ್ರಕ್ರಿಯೆಯನ್ನೇ ಪ್ರಶ್ನಿಸಿ ಉತ್ತರ ಪಡೆಯುವುದು ಅದರ ಮೂಲತತ್ತ್ವ.

3. ವಿಶ್ಲೇಷಣೆ

3.1 ಎಡಿಟರಿಗೆ ಸೇರಿದ ಹೊಣೆ

ಕ್ವ್ಯಾಕ್ ಹುಟ್ಟಿದಾಗ ಪದಕ್ಕೆ ಬದಲಾಗಿ ಚಿಹ್ನೆ ತೋರಿಸುವ ಸಾಮಾನ್ಯ ವ್ಯವಸ್ಥೆ ಈಮ್ಯಾಕ್ಸ್‌ನಲ್ಲಿ ಇರಲಿಲ್ಲ. 2014ರ 24.4ನೇ ಆವೃತ್ತಿಯಲ್ಲಿ ‘ಪ್ರೆಟಿಫೈ ಸಿಂಬಲ್ಸ್’ ಮೋಡ್ ಬಂದು ಆ ಕೊರತೆ ನೀಗಿತು. ಈ ಭಾಗವನ್ನು ವಿಸ್ತರಣೆಯಿಂದ ತೆಗೆದರೆ ಬಳಕೆದಾರರಿಗೆ ನಷ್ಟವಿಲ್ಲ. ಹೊಣೆ ಈಮ್ಯಾಕ್ಸ್‌ನ ಕೇಂದ್ರಕ್ಕೆ ಹೋಗಿದೆ. ಎಕ್ಸ್‌ಈಮ್ಯಾಕ್ಸ್‌ಗಾಗಿ ಬರೆದ ಕವಲುಗಳ ವಿಷಯ ಬೇರೆ. ಅಲ್ಲಿ ಆ ಎಡಿಟರಿನ ಬಳಕೆಯ ಜೊತೆಗೆ ಹೊಣೆಯೂ ತೀರಿದೆ.

ವಿಸ್ತರಣೆಗಳನ್ನು ಬರೆಯುವ ಈಮ್ಯಾಕ್ಸ್ ಲಿಸ್ಪ್ ಭಾಷೆಯ ಮಟ್ಟದ ಬದಲಾವಣೆಗಳು ಇಷ್ಟು ಸರಳವಲ್ಲ. ಹಳೆಯ ‘ಸಿಎಲ್’ ಲೈಬ್ರರಿಯ ಜಾಗಕ್ಕೆ 2013ರಲ್ಲಿ ‘ಸಿಎಲ್-ಲಿಬ್’ ಬಂತು. ಹಳೆಯದನ್ನು ಬಳಸಬಾರದೆಂದು 2020ರ 27.1ನೇ ಆವೃತ್ತಿ ಅಧಿಕೃತವಾಗಿ ಘೋಷಿಸಿತು. ಇಲ್ಲಿ ಬಹುಪಾಲು ಹೆಸರುಗಳನ್ನು ಬದಲಿಸಿದರೆ ಸಾಕು. ಆದರೆ ಹೆಸರಿನ ಅರ್ಥವನ್ನು ಅದನ್ನು ಬರೆದ ಜಾಗದಿಂದಲೇ ನಿರ್ಧರಿಸುವ ಲೆಕ್ಸಿಕಲ್ ಬೈಂಡಿಂಗ್‌ಗೆ ದಾಟುವಾಗ ಕೋಡಿನ ಅರ್ಥವೇ ಬದಲಾಗಬಹುದು. ಸ್ಕೀಮ್ 1975ರಿಂದಲೇ ಪಾಲಿಸಿದ ಈ ಕ್ರಮ ಈಮ್ಯಾಕ್ಸ್ ಲಿಸ್ಪ್‌ಗೆ ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ಬರೆದ ಕೋಡಿನಲ್ಲಿ ಒಂದು ಫಂಕ್ಷನ್ ‘ಲೆಟ್’ ಮೂಲಕ ಕಟ್ಟಿದ ಹೆಸರನ್ನು ಅದು ಕರೆಯುವ ಇನ್ನೊಂದು ಫಂಕ್ಷನ್ ನೇರವಾಗಿ ಓದಬಹುದಿತ್ತು. ಕಡತದ ಮೊದಲ ಸಾಲಿನಲ್ಲಿ ಹೊಸ ಕ್ರಮವನ್ನು ಘೋಷಿಸಿದೊಡನೆ ಆ ಸಂಬಂಧ ಸದ್ದಿಲ್ಲದೆ ಕಡಿಯುತ್ತದೆ. ಆದ್ದರಿಂದ ಮೊದಲು ಕಂಪೈಲರಿನ ಎಚ್ಚರಿಕೆಗಳನ್ನು ಓದಿ, ಹಂಚಿಕೊಂಡು ಬಳಸುವ ಹೆಸರುಗಳನ್ನು ‘ಡೆಫ್‌ವಾರ್’ ಮೂಲಕ ಪ್ರಕಟಿಸಬೇಕು, ಘೋಷಣೆ ಆಮೇಲೆ.

3.2 ಅನುಷ್ಠಾನಕ್ಕೆ ಸೇರಿದ ಹೊಣೆ

ಪಿಎಲ್‌ಟಿ ಸ್ಕೀಮ್ 2010ರಲ್ಲಿ ರ‍್ಯಾಕೆಟ್ ಎಂದು ಹೆಸರು ಬದಲಿಸಿಕೊಂಡಿತು. ಪ್ರೋಗ್ರಾಮ್‌ನ ಹೆಸರು, ಕೈಪಿಡಿಯ ವಿಳಾಸ ಮುಂತಾದವನ್ನು ವಿಸ್ತರಣೆಯೊಳಗೇ ಬರೆದಿಟ್ಟರೆ ಇಂಥ ಪ್ರತಿಯೊಂದು ಬದಲಾವಣೆಗೂ ವಿಸ್ತರಣೆಯನ್ನು ತಿದ್ದಬೇಕು. ಒಂದು ಅನುಷ್ಠಾನದ ಬಗ್ಗೆ ಅದನ್ನು ಬಲ್ಲವರೇ ಬರೆಯಲಿ ಎಂಬ ನೆಲೆಗೆ ಗೈಸರ್ ಬಂದಿದೆ. ಸಾಮಾನ್ಯ ಭಾಗವನ್ನು ಮೂಲ ಪ್ಯಾಕೇಜಿನಲ್ಲಿ ಉಳಿಸಿ, ಗೈಲ್, ರ‍್ಯಾಕೆಟ್, ಚಿಕನ್ ಮುಂತಾದವುಗಳ ಬೆಂಬಲವನ್ನು ಪ್ರತ್ಯೇಕ ಪ್ಯಾಕೇಜುಗಳಿಗೆ ಹಂಚಿತು. ಗೈಲ್‌ನ ಪ್ಯಾಕೇಜಿನಲ್ಲಿ ಹೆಸರು ಪೂರ್ಣಗೊಳಿಸುವ, ದಸ್ತಾವೇಜು ಹುಡುಕುವ ಕೆಲಸವನ್ನು ಸ್ಕೀಮ್‌ನಲ್ಲೇ ಬರೆದ ಮಾಡ್ಯೂಲ್‌ಗಳು ಮಾಡುತ್ತವೆ. ಪಠ್ಯವನ್ನು ನೋಡಿ ಊಹಿಸುವ ಕೆಲಸ ಇದರಿಂದ ಬಹಳಷ್ಟು ತಗ್ಗಿದೆ.

ಇಂಡೆಂಟೇಶನ್ ಮಾತ್ರ ಇನ್ನೂ ಬಗೆಹರಿಯದ ಸಮಸ್ಯೆ. ಸ್ಕೀಮ್ ಮೋಡ್ ಅದರ ನಿಯಮವನ್ನು ಆಯಾ ಸಿಂಬಲ್‌ಗೆ ಅಂಟಿದ ಗುಣವಾಗಿ ಇಡುತ್ತದೆ. ಆ ಗುಣ ಇಡೀ ಈಮ್ಯಾಕ್ಸ್‌ಗೆ ಒಂದೇ. ಒಂದೇ ಹೆಸರಿನ ಮ್ಯಾಕ್ರೊ ಎರಡು ಅನುಷ್ಠಾನಗಳಲ್ಲಿ ಬೇರೆ ರೂಪದಲ್ಲಿದ್ದರೆ, ಕೊನೆಗೆ ಲೋಡ್ ಆದ ವಿಸ್ತರಣೆಯ ನಿಯಮವೇ ಎರಡಕ್ಕೂ ಅನ್ವಯಿಸುತ್ತದೆ. ಇದನ್ನು ಯಾವುದೇ ಒಂದು ವಿಸ್ತರಣೆಯನ್ನು ಶುದ್ಧಗೊಳಿಸಿ ಸರಿಪಡಿಸಲಾಗದು. ಕೇಂದ್ರದಲ್ಲಿಯೇ ಬದಲಾವಣೆ ಬೇಕು.

3.3 ಬಳಕೆದಾರರ ಋಣ

ಪ್ರತಿಯೊಂದು ವೇರಿಯೇಬಲ್ ಹೆಸರೂ ಯಾರದೋ ಸಂರಚನಾ ಕಡತದಲ್ಲಿ ಕುಳಿತಿರಬಹುದು. ಹಳೆಯ ಹೆಸರನ್ನು ಹೊಸದಕ್ಕೆ ಜೋಡಿಸಿ ಎಚ್ಚರಿಕೆ ಕೊಡುವ ವ್ಯವಸ್ಥೆ ಈಮ್ಯಾಕ್ಸ್‌ನಲ್ಲಿಯೇ ಇದೆ. ಅದನ್ನು ಬಳಸದೆ ಹೆಸರು ಅಳಿಸುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಮೂಲ ಲೇಖಕರ ಹಕ್ಕುಸ್ವಾಮ್ಯದ ಸಾಲುಗಳನ್ನೂ ಶುದ್ಧೀಕರಣದ ಹೆಸರಿನಲ್ಲಿ ಮುಟ್ಟಬಾರದು.

4. ಚರ್ಚೆ

ಈ ವಿಶ್ಲೇಷಣೆಯಿಂದ ಕೆಲಸದ ಅನುಕ್ರಮವೊಂದು ಹೊರಡುತ್ತದೆ. ಮೊದಲು ಈಗಿನ ನಡವಳಿಕೆಯನ್ನು ಈಮ್ಯಾಕ್ಸ್‌ನದೇ ಪರೀಕ್ಷಾ ಚೌಕಟ್ಟಾದ ಇಆರ್‌ಟಿಯ ಪರೀಕ್ಷೆಗಳಲ್ಲಿ ದಾಖಲಿಸಬೇಕು. ಮಾದರಿ ಸ್ಕೀಮ್ ಕಡತಗಳನ್ನು ಇಂಡೆಂಟ್ ಮಾಡಿ ಹೋಲಿಸುವುದು ಅತ್ಯಂತ ಉಪಯುಕ್ತ. ಬಳಿಕ ಎಚ್ಚರಿಕೆಗಳನ್ನು ನಿವಾರಿಸಿ, ಆಮೇಲೆ ಲೆಕ್ಸಿಕಲ್ ಬೈಂಡಿಂಗ್‌ಗೆ ದಾಟಬೇಕು. ಅಳಿಸುವ ಕೆಲಸ ಕೊನೆಯದು. ವಿನ್ಯಾಸದ ತಿದ್ದುಪಡಿ ಮತ್ತು ಅರ್ಥದ ತಿದ್ದುಪಡಿ ಒಂದೇ ಕಮಿಟ್‌ನಲ್ಲಿ ಬೆರೆತರೆ ಮುಂದೆ ದೋಷದ ಮೂಲ ಹುಡುಕುವವರಿಗೆ ಇತಿಹಾಸ ನೆರವಾಗುವುದಿಲ್ಲ.

5. ಉಪಸಂಹಾರ

ಶುದ್ಧೀಕರಣದ ಯಶಸ್ಸನ್ನು ಕಡಿಮೆಯಾದ ಸಾಲುಗಳಿಂದ ಅಳೆಯುವ ರೂಢಿ ಈ ಕ್ಷೇತ್ರಕ್ಕೆ ಸಲ್ಲದು. ಅಳಿಸಿದ ಪ್ರತಿಯೊಂದು ಭಾಗಕ್ಕೂ ‘ಈ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ, ಇಲ್ಲವೇ ಅದು ಏಕೆ ಬೇಕಿಲ್ಲ?’ ಎಂಬ ಪ್ರಶ್ನೆಗೆ ಕಮಿಟ್ ಟಿಪ್ಪಣಿಯಲ್ಲಿ ಉತ್ತರವಿರಬೇಕು. ಉತ್ತರ ಸಿಗದ ಭಾಗ ಎಷ್ಟೇ ಹಳೆಯದಾಗಿ ಕಂಡರೂ ಉಳಿಯಬೇಕು. ಇಂಥ ವಿಸ್ತರಣೆಗಳನ್ನು ಸಂಬಳವಿಲ್ಲದೆ ಕಾಯುವವರು ಕೆಲವೇ ಮಂದಿ. ಅವರ ದುಡಿಮೆಯನ್ನು ಮುಂದಿನವರು ಅರ್ಥಮಾಡಿಕೊಂಡು ವಹಿಸಿಕೊಳ್ಳುವುದಕ್ಕೆ ಆ ಟಿಪ್ಪಣಿಗಳೇ ಆಧಾರ. ಇಂಡೆಂಟೇಶನ್ ನಿಯಮಗಳನ್ನು ಬಫರಿಗೊಂದರಂತೆ ಬೇರ್ಪಡಿಸುವ ವಿನ್ಯಾಸ ಮುಂದಿನ ಸಂಶೋಧನೆಗೆ ಯೋಗ್ಯವಾದ ಮೊದಲ ವಿಷಯ.