ಕಿಂಡರ್ ಸ್ಕೌಟ್: ಆಂಗ್ಲ ನಾಡಿನಲ್ಲಿ ಕಾಲುದಾರಿಯ ಹಕ್ಕು ಮತ್ತು ಬೆಟ್ಟದ ಹಕ್ಕು

ನಮ್ಮ ಕಾಲೇಜುಗಳಲ್ಲಿ ಆಂಗ್ಲ ಕಾವ್ಯವನ್ನು ವ್ಯಾಸಂಗ ಮಾಡಿದವರಿಗೆ ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶವು ವರ್ಡ್ಸ್‌ವರ್ತ್ ಕವಿಯ ಸರೋವರಗಳ ಮೂಲಕ ಪರಿಚಿತವಾದುದು. ಅಲ್ಲಿ ಕವಿಯು ಇಚ್ಛೆ ಬಂದ ಕಡೆ ನಡೆದಾಡುತ್ತಾನೆ. ಅವನನ್ನು ಅಡ್ಡಗಟ್ಟಿ ನಿಲ್ಲಿಸುವವರು ಯಾರೂ ಕಾಣುವುದಿಲ್ಲ. ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ನೆಲ ಯಾರದು? ಅದರ ಮೇಲೆ ಕಾಲಿಡಲು ಯಾರಿಗೆ ಅಧಿಕಾರವಿದ್ದಿತು? ಆ ಅಧಿಕಾರ ಎಲ್ಲಿಂದ ಬಂದಿತು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ಡರ್ಬಿಷೈರ್ ಪ್ರಾಂತದ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಗರಗಳ ನಡುವೆ ಹಬ್ಬಿರುವ ಎತ್ತರದ ಪ್ರದೇಶಕ್ಕೆ ‘ಪೀಕ್’ ಎಂದು ಹೆಸರು. ಈ ಹೆಸರನ್ನು ಕೇಳಿ ಚೂಪಾದ ಶಿಖರವನ್ನು ಕಲ್ಪಿಸಿಕೊಂಡವನಿಗೆ ಆಶಾಭಂಗವಾಗುವುದು. ಪ್ರಾಚೀನ ಕಾಲದಲ್ಲಿ ಇಲ್ಲಿ ನೆಲೆಸಿದ್ದ ಪೆಕ್‌ಸೇಟನ್ ಎಂಬ ಆಂಗ್ಲೋ-ಸ್ಯಾಕ್ಸನ್ ಜನಾಂಗದ ಹೆಸರಿನಲ್ಲಿಯೂ ಈ ಶಬ್ದವಿದೆ. 636 ಮೀಟರು ಎತ್ತರವಿರುವ ಕಿಂಡರ್ ಸ್ಕೌಟ್ ಈ ಪ್ರದೇಶದಲ್ಲೆಲ್ಲ ಅತ್ಯುನ್ನತವಾದುದಾದರೂ ಅದರ ನೆತ್ತಿ ಬಹುಮಟ್ಟಿಗೆ ಸಮತಟ್ಟು. ಅಂಚಿನಲ್ಲಿ ಒರಟು ಮರಳುಗಲ್ಲಿನ ಬಂಡೆಗಳು. ಮೇಲೆ ಸಾವಿರಾರು ವರ್ಷಗಳಿಂದ ಸಸ್ಯಗಳು ಕೊಳೆತು ಕೂಡಿದ, ನೀರು ಹೀರಿದ ಕಪ್ಪು ಪೀಟ್ ಮಣ್ಣು. ಪಶ್ಚಿಮದ ಅಂಚಿನಲ್ಲಿ ಕಿಂಡರ್ ನದಿಯು ಸುಮಾರು 30 ಮೀಟರು ಕೆಳಕ್ಕೆ ಧುಮುಕುತ್ತದೆ. ಪಡುವಣ ಗಾಳಿ ಬಲವಾಗಿ ಬೀಸಿದಾಗ ಈ ನೀರು ಬೀಳದೆ ತುಂತುರಾಗಿ ಮೇಲಕ್ಕೇ ಹಾರುವುದುಂಟು. ಅದನ್ನು ಹತ್ತಾರು ಮೈಲಿ ದೂರದಿಂದ ಕಂಡವರಿದ್ದಾರೆ.

ಇಂತಹ ಬೆಟ್ಟವು ಬೇಲಿಯೊಳಗೆ ಸೇರಿದುದು ಹೇಗೆಂಬುದನ್ನು ತಿಳಿಯಲು ‘ಕಾಮನ್’ ಎಂಬ ಸಾಮಾನ್ಯ ಭೂಮಿಯ ಸ್ವರೂಪವನ್ನು ನೋಡಬೇಕು. ಇದನ್ನು ಗೋಮಾಳವೆಂದು ಅನುವಾದಿಸುವ ವಾಡಿಕೆಯುಂಟು. ಈ ಅನುವಾದ ಸಂಪೂರ್ಣವಾಗಿ ಸರಿಯಲ್ಲ. ಇಂಗ್ಲೆಂಡಿನ ಸಾಮಾನ್ಯ ಭೂಮಿಗೆ ಸಾಧಾರಣವಾಗಿ ಒಬ್ಬ ಒಡೆಯನಿರುತ್ತಿದ್ದನು. ಗ್ರಾಮದ ಕೆಲವರಿಗೆ ಅಲ್ಲಿ ದನಕುರಿ ಮೇಯಿಸುವ, ಸೌದೆ ತರುವ, ಪೀಟ್ ಕಡಿಯುವ ಹಕ್ಕುಗಳು ಮಾತ್ರ ಇರುತ್ತಿದ್ದವು. ವಿಹಾರಕ್ಕಾಗಿ ಅಡ್ಡಾಡುವ ಹಕ್ಕೆಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಹದಿನೆಂಟನೆಯ ಶತಮಾನದ ಮಧ್ಯದಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಪಾರ್ಲಿಮೆಂಟು ಸುಮಾರು 4,000 ಶಾಸನಗಳ ಮೂಲಕ ಇಂತಹ ಭೂಮಿಗಳನ್ನು ವಿಭಾಗಿಸಿ ಬೇಲಿ ಹಾಕಲು ಅನುಮತಿಯಿತ್ತಿತು. ಕಿಂಡರ್ ಪ್ರದೇಶದ ಸರದಿ ಬಂದುದು 1830ರ ದಶಕದಲ್ಲಿ. ಆದುದರಿಂದ ಮುಂದೆ ಬೆಟ್ಟಕ್ಕಾಗಿ ಹೋರಾಡಿದ ನಗರದ ಕೆಲಸಗಾರರು ‘ಕಳೆದುಕೊಂಡ ಹಕ್ಕನ್ನು’ ಮರಳಿ ಕೇಳಿದರೆಂಬ ಮಾತು ಭಾವನೆಗೆ ಒಪ್ಪುವುದಾದರೂ ಕಾನೂನಿನ ದೃಷ್ಟಿಯಿಂದ ನಿಲ್ಲಲಾರದು. ಅವರು ಕೇಳಿದುದು ಹೊಸ ಹಕ್ಕು. ಹೊಸದೆಂದಮಾತ್ರಕ್ಕೆ ಅದು ನ್ಯಾಯವಲ್ಲದ್ದಾಗುವುದಿಲ್ಲ.

ಹಳೆಯ ಹಕ್ಕು ಬೇರೊಂದಿದ್ದಿತು. ಅದು ಕಾಲುದಾರಿಯ ಹಕ್ಕು. ಗ್ರಾಮದಿಂದ ಚರ್ಚಿಗೆ, ಗಿರಣಿಗೆ, ಸಂತೆಗೆ ಜನರು ಬಹುಕಾಲದಿಂದ ನಡೆದು ಸವೆಸಿದ ದಾರಿಯು, ಅದು ಯಾರ ಹೊಲದ ನಡುವೆ ಹಾದಿದ್ದರೂ, ಸಾರ್ವಜನಿಕ ಮಾರ್ಗವೇ ಸರಿಯೆಂಬುದು ಆಂಗ್ಲ ನ್ಯಾಯಪದ್ಧತಿಯ ತತ್ತ್ವ. ಕಾನೂನು ರೀತ್ಯಾ ಮುಚ್ಚದ ಹೊರತು ಆ ಹಕ್ಕು ಅಳಿಯುವುದಿಲ್ಲ. ಆದರೆ ಅದು ಒಂದು ಗೆರೆಯ ಮೇಲಿನ ಹಕ್ಕು. ನಡೆಯುವವನು ದಾರಿ ಬಿಟ್ಟು ಹತ್ತು ಮಾರು ಸರಿದನೆಂದರೆ ಅವನು ಅತಿಕ್ರಮಿ.

ಈ ಗೆರೆಯನ್ನು ಕಾಯಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಘಗಳು ಹುಟ್ಟಿದವು. 1894ರಲ್ಲಿ ಸ್ಥಾಪಿತವಾದ ಕಾಲುದಾರಿ ಸಂರಕ್ಷಣ ಸಂಘವು ಭೂಮಾಲಿಕರೊಡನೆ ಮಾತುಕತೆ ನಡೆಸಿ, 1897ರಲ್ಲಿ ಹೇಫೀಲ್ಡ್ ಗ್ರಾಮದಿಂದ ಕಿಂಡರಿನ ಉತ್ತರದ ಬದಿಯಲ್ಲಿ ಹಾದುಹೋಗುವ ‘ಸ್ನೇಕ್’ ಮಾರ್ಗವನ್ನು ಸಾರ್ವಜನಿಕರಿಗೆ ದೊರಕಿಸಿಕೊಟ್ಟಿತು. ಎಲ್ಲ ಕಡೆಯೂ ಮಾತಿನಿಂದಲೇ ಕಾರ್ಯ ಸಾಧಿಸಲಿಲ್ಲ. 1896ರಲ್ಲಿ ಬೋಲ್ಟನ್ ಪಟ್ಟಣದ ಸಾವಿರಾರು ಜನರು ವಿಂಟರ್ ಹಿಲ್ ಬೆಟ್ಟದ ದಾರಿಗೆ ಹಾಕಿದ್ದ ಬಾಗಿಲನ್ನು ಮುರಿದು ಮೆರವಣಿಗೆ ಹೋದರು. ಮರುವರ್ಷ ನ್ಯಾಯಾಲಯದಲ್ಲಿ ಭೂಮಾಲಿಕನೇ ಗೆದ್ದನು. ಗಮನಿಸಬೇಕಾದುದೇನೆಂದರೆ, ಅಷ್ಟು ದೊಡ್ಡ ಜನಸಮೂಹವೂ ಕೇಳಿದುದು ಒಂದು ದಾರಿಯನ್ನೇ, ಬೆಟ್ಟವನ್ನಲ್ಲ. ಬೆಟ್ಟವನ್ನೇ ತೆರೆಯಬೇಕೆಂದು ಜೇಮ್ಸ್ ಬ್ರೈಸ್ ಮಹಾಶಯರು 1884ರಲ್ಲಿ ಸ್ಕಾಟ್ಲೆಂಡಿನ ಸಲುವಾಗಿ ತಂದ ಮಸೂದೆ ಬಿದ್ದುಹೋಯಿತು; ಅನಂತರ ಬಂದ ಅಂತಹ ಮಸೂದೆಗಳ ಗತಿಯೂ ದಶಕಗಳ ಕಾಲ ಅದೇ ಆಯಿತು.

ಇದಕ್ಕೆ ಮುಖ್ಯ ಕಾರಣ ಒಂದು ಹಕ್ಕಿ. ಹೆದರ್ ಎಂಬ ಕುರುಚಲು ಗಿಡದ ಎಳೆಯ ಚಿಗುರನ್ನು ತಿಂದು ಬದುಕುವ ಗ್ರೌಸ್ ಹಕ್ಕಿಯ ಬೇಟೆ ಆಗಸ್ಟ್ 12ರಂದು ಆರಂಭವಾಗುತ್ತದೆ. ವರ್ಷದಲ್ಲಿ ಕೆಲವೇ ದಿನಗಳ ಈ ವಿನೋದಕ್ಕಾಗಿ ಡೆವನ್‌ಷೈರಿನ ಡ್ಯೂಕರೇ ಮೊದಲಾದ ಮಾಲಿಕರು ಬೇಟೆಗಾವಲುಗಾರರನ್ನು ನೇಮಿಸಿ ವರ್ಷಪೂರ್ತಿ ಬೆಟ್ಟವನ್ನು ಕಾಯಿಸುತ್ತಿದ್ದರು. ಬೆಟ್ಟದ ಎರಡು ಪಕ್ಕಗಳಲ್ಲಿಯೂ ಹತ್ತಿಗಿರಣಿ, ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ ಆರು ದಿನ ದುಡಿದು ಏಳನೆಯ ದಿನ ಅಗ್ಗದ ರೈಲು ಟಿಕೆಟ್ಟಿನಲ್ಲಿ ಹೊರಬರುವ ಜನ. 1930ರ ವೇಳೆಗೆ ಅವರಲ್ಲಿ ಬಹುಮಂದಿಗೆ ಆ ದುಡಿಮೆಯೂ ಇರಲಿಲ್ಲ. ಕಿಟಕಿಯಿಂದ ಕಾಣುವ ಬೆಟ್ಟಕ್ಕೆ ಕಾಲಿಡುವಂತಿಲ್ಲ!

1932ರ ಈಸ್ಟರ್ ರಜೆಯಲ್ಲಿ ಬ್ಲೀಕ್‌ಲೋ ಬೆಟ್ಟಕ್ಕೆ ಹೊರಟ ಯುವಕರ ತಂಡವೊಂದನ್ನು ಗಾವಲುಗಾರರು ಹಿಂದಕ್ಕಟ್ಟಿದರು. ನಾಲ್ಕಾರು ಜನ ಬಂದರೆ ಅಟ್ಟಬಹುದು, ನಾನೂರು ಜನ ಬಂದರೆ ಏನು ಮಾಡುವರು ಎಂಬ ಯೋಚನೆ ಅಲ್ಲಿ ಹುಟ್ಟಿತು. ಬ್ರಿಟಿಷ್ ಕಾರ್ಮಿಕರ ಕ್ರೀಡಾ ಒಕ್ಕೂಟದ ಬೆನ್ನಿ ರಾಥ್‌ಮನ್ ಎಂಬ 20 ವರ್ಷದ ಮ್ಯಾಂಚೆಸ್ಟರ್ ತರುಣನು ಮುಂದಾಳಾದನು. ಏಪ್ರಿಲ್ 24, ಭಾನುವಾರ. ರೈಲ್ವೆ ನಿಲ್ದಾಣದಲ್ಲಿ ಪೋಲೀಸರು ಕಾದಿರಬಹುದೆಂದು ಅವನು ಸೈಕಲ್ಲಿನ ಮೇಲೆ ಹೇಫೀಲ್ಡಿಗೆ ಬಂದನು. ಊರ ಹೊರಗಿನ ಕಲ್ಲುಗಣಿಯಲ್ಲಿ ಭಾಷಣವಾದ ಮೇಲೆ ಸುಮಾರು 400 ಜನರು ವಿಲಿಯಂ ಕ್ಲಫ್ ಎಂಬ ಕಣಿವೆಯಲ್ಲಿ ಏರಿ, ದಾರಿ ಬಿಟ್ಟು ಬೆಟ್ಟದ ಮೈಗೆ ಹತ್ತಿದರು. ಗಾವಲುಗಾರರೊಡನೆ ಅಲ್ಪಸ್ವಲ್ಪ ಕೈಕೈ ಮಿಲಾಯಿಸಿತು. ಒಬ್ಬ ಗಾವಲುಗಾರನ ಕಾಲಿಗೆ ಪೆಟ್ಟಾಯಿತು. ಎಡೇಲ್ ಕಡೆಯಿಂದ ಬಂದ ಷೆಫೀಲ್ಡಿನ ತಂಡವನ್ನು ಮೇಲೆ ಸಂಧಿಸಿ ಎಲ್ಲರೂ ಹಿಂದಿರುಗಿದರು. ಕಿಂಡರಿನ ಅತ್ಯುನ್ನತ ಸ್ಥಳವನ್ನು ಅವರು ಮುಟ್ಟಲಿಲ್ಲವೆಂಬುದನ್ನು ವಿಜಯಗಾಥೆಗಳನ್ನು ಹಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಹಿಂದಿರುಗಿದವರಲ್ಲಿ ಆರು ಮಂದಿ ದಸ್ತಗಿರಿಯಾದರು. ಆ ಕಾಲದ ಕಾನೂನಿನಲ್ಲಿ ಬರಿಯ ಅತಿಕ್ರಮ ಪ್ರವೇಶವು ಅಪರಾಧವಲ್ಲ, ಸಿವಿಲ್ ವ್ಯಾಜ್ಯಕ್ಕೆ ಮಾತ್ರ ಕಾರಣ. ಅತಿಕ್ರಮಿಗಳನ್ನು ಶಿಕ್ಷಿಸಲಾಗುವುದೆಂದು ಬೇಲಿಗಳಿಗೆ ತೂಗುಹಾಕಿದ್ದ ಫಲಕಗಳು, ಹಾಗೆ ನೋಡಿದರೆ, ಸುಳ್ಳು ಫಲಕಗಳು. ಆದುದರಿಂದ ಆರೋಪವು ಅತಿಕ್ರಮಣದ್ದಾಗದೆ, ದೊಂಬಿಯ ಉದ್ದೇಶದ ಅಕ್ರಮ ಕೂಟ ಮೊದಲಾದುವುಗಳದ್ದಾಯಿತು. ಜುಲೈ ತಿಂಗಳಿನಲ್ಲಿ ಡರ್ಬಿಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಸೈನ್ಯಾಧಿಕಾರಿಗಳೂ ಜಮೀನ್ದಾರರೂ ತುಂಬಿದ್ದ ಮಹಾಜ್ಯೂರಿಯು ಮೊಕದ್ದಮೆಯನ್ನು ಮುಂದುವರಿಸಲು ಒಪ್ಪಿತು. ಐವರಿಗೆ 2ರಿಂದ 6 ತಿಂಗಳವರೆಗೆ ಸೆರೆಯಾಯಿತು; ರಾಥ್‌ಮನ್ ಪಾಲಿಗೆ ಬಂದುದು 4 ತಿಂಗಳು. ಅದುವರೆಗೆ ಈ ಸಾಹಸವನ್ನು ಖಂಡಿಸಿದ್ದ ನಡಿಗೆಗಾರರ ಅಧಿಕೃತ ಸಂಘಗಳವರಲ್ಲಿಯೂ ಅನೇಕರಿಗೆ ಈ ಶಿಕ್ಷೆ ಅತಿಯೆನಿಸಿತು.

ಅದೇ 1932ರಲ್ಲಿ ಪಾರ್ಲಿಮೆಂಟು ಮಾರ್ಗಗಳ ಹಕ್ಕಿನ ಶಾಸನವನ್ನು ಅಂಗೀಕರಿಸಿ, 20 ವರ್ಷ ಅಡೆತಡೆಯಿಲ್ಲದೆ ಜನರು ನಡೆದ ದಾರಿಯನ್ನು ಸಾರ್ವಜನಿಕವೆಂದು ಭಾವಿಸತಕ್ಕದ್ದೆಂದು ವಿಧಿಸಿತು. ಇದು ಕಿಂಡರಿನ ಗಲಭೆಯ ಫಲವಲ್ಲ, ಮೊದಲಿನಿಂದ ನಡೆದುಬಂದ ಪ್ರಯತ್ನದ ಫಲ. ಗೆರೆಯ ಹಕ್ಕು ಬಲವಾದ ವರ್ಷದಲ್ಲಿಯೇ ಬಯಲಿನ ಹಕ್ಕನ್ನು ಕೇಳಿದವರು ಸೆರೆಮನೆಯಲ್ಲಿದ್ದರು.

ಈ ಘಟನೆಯ ಪರಿಣಾಮವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಡಿಗೆಗಾರರ ಸಂಘದ ಕಾರ್ಯದರ್ಶಿಯಾಗಿದ್ದ ಟಾಮ್ ಸ್ಟೀಫನ್‌ಸನ್ ಅವರು ಇದಕ್ಕೆ ಹೆಚ್ಚಿನ ಬೆಲೆಯನ್ನು ಕೊಡಲಿಲ್ಲ. 1939ರ ಪರ್ವತ ಪ್ರವೇಶ ಶಾಸನವು ಕೆಲವು ಸಂದರ್ಭಗಳಲ್ಲಿ ಅತಿಕ್ರಮಣವನ್ನು ಅಪರಾಧವನ್ನಾಗಿಯೇ ಮಾಡಿತೆಂಬುದು ಅವರ ಪಕ್ಷಕ್ಕೆ ಬಲ ಕೊಡುತ್ತದೆ. 1949ರ ರಾಷ್ಟ್ರೀಯ ಉದ್ಯಾನ ಶಾಸನದಂತೆ 1951ರಲ್ಲಿ ಪೀಕ್ ಪ್ರದೇಶವು ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಆ ಶಾಸನವೂ ಕಾಲುದಾರಿಗಳ ಅಧಿಕೃತ ನಕ್ಷೆಗಳನ್ನು ಸಿದ್ಧಪಡಿಸಲು ಆಜ್ಞಾಪಿಸಿತೇ ಹೊರತು ಬೆಟ್ಟಗಳ ವಿಷಯವನ್ನು ಭೂಮಾಲಿಕರೊಡನೆ ಆಗಬೇಕಾದ ಒಪ್ಪಂದಗಳಿಗೆ ಬಿಟ್ಟಿತು. ಬೆಟ್ಟ, ಬಂಜರು, ಕುರುಚಲು ಬಯಲು ಮತ್ತು ದಾಖಲಾದ ಸಾಮಾನ್ಯ ಭೂಮಿಗಳಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕು ಬಂದುದು 2000ದ ಶಾಸನದಿಂದ. ಅದು ಇಂಗ್ಲೆಂಡಿನಲ್ಲೆಲ್ಲ ಜಾರಿಗೆ ಬರುವ ಹೊತ್ತಿಗೆ 2005 ಆಯಿತು. 73 ವರ್ಷಗಳ ಅಂತರವಿರುವ ಎರಡು ಘಟನೆಗಳನ್ನು ಕಾರಣಕಾರ್ಯವೆಂದು ಜೋಡಿಸಲು ನಾವು ಹಿಂಜರಿಯುತ್ತೇವೆ. ಆದರೆ ಸ್ಟೀಫನ್‌ಸನ್ ಅವರ ನಿರಾಕರಣೆಯನ್ನೂ ಪೂರ್ತಿಯಾಗಿ ಒಪ್ಪಲಾರೆವು. ಬೇಡಿಕೆಯನ್ನು ಗೆರೆಯಿಂದ ಬಯಲಿಗೆ ಸರಿಸಿದುದು, ಅದನ್ನು ಜನರ ಬಾಯಲ್ಲಿ ನಿಲ್ಲಿಸಿದುದು ಕಿಂಡರಿನ ಹುಡುಗರೇ. 2002ರಲ್ಲಿ, 70ನೆಯ ವಾರ್ಷಿಕ ಸಮಾರಂಭದಲ್ಲಿ, ಅಂದಿನ ಡೆವನ್‌ಷೈರ್ ಡ್ಯೂಕರು ತಮ್ಮ ಅಜ್ಜನವರ ಕಾಲದ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ವೇಳೆಗೆ ರಾಥ್‌ಮನ್ ತೀರಿಕೊಂಡು ಕೆಲವೇ ತಿಂಗಳಾಗಿದ್ದವು.

ಬೆಟ್ಟದ ಸ್ಥಿತಿಯನ್ನು ಕುರಿತು ಒಂದು ಮಾತು ಉಳಿದಿದೆ. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಕಿಂಡರನ್ನು ಕೊಂಡಾಗ ಅಲ್ಲಿಯ ಪೀಟ್ ಮಣ್ಣು ಬಹುಭಾಗ ಬೋಳಾಗಿದ್ದಿತು. ನಗರಗಳ ಹೊಗೆಯ ಆಮ್ಲ, ಬೆಂಕಿ, ಮಿತಿಮೀರಿದ ಕುರಿಗಳು, ಜೊತೆಗೆ ನಡಿಗೆಗಾರರ ಕಾಲುಗಳು, ಎಲ್ಲವೂ ಅದಕ್ಕೆ ಕಾರಣ. 1965ರಲ್ಲಿ ತೆರೆದ, ಎಡೇಲಿನಿಂದ ಸ್ಕಾಟ್ಲೆಂಡಿನ ಗಡಿಯಾಚೆಗೆ ಹೋಗುವ 268 ಮೈಲಿಗಳ ಪೆನೈನ್ ಮಾರ್ಗವು ಮೊದಲು ಕಿಂಡರಿನ ನೆತ್ತಿಯನ್ನೇ ಅಡ್ಡಹಾಯುತ್ತಿದ್ದಿತು. ಮಣ್ಣು ಸವೆದುದರಿಂದ ಅದನ್ನು ಪಕ್ಕದ ಜೇಕಬ್ಸ್ ಲ್ಯಾಡರ್ ಕಡೆಗೆ ತಿರುಗಿಸಿದರು. ಈ ಮಾರ್ಗದ ಕೆಸರಿನ ಭಾಗಗಳಲ್ಲಿ ಚಪ್ಪಡಿ ಕಲ್ಲುಗಳನ್ನು ಹಾಸಿದ್ದಾರೆ. ಆ ಚಪ್ಪಡಿಗಳಲ್ಲಿ ಅನೇಕವು ಮುಚ್ಚಿಹೋದ ಹತ್ತಿಗಿರಣಿಗಳ ನೆಲದಿಂದ ಕಿತ್ತು ತಂದವು.