ಕೋಳಿಮೊಟ್ಟೆಯೊಳಗೆ ನರಗಳ ಲೆಕ್ಕ ಹಿಡಿದ ರೀಟಾ

ಕಾವಿಗೆ ಕೂತ ಕೋಳಿಯ ಕೆಳಗಿಂದ ಮೊಟ್ಟೆ ತೆಗೆದು, ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದ್ದೀರಾ? ನಾಲ್ಕೈದು ದಿನ ಕಾವು ಸಿಕ್ಕ ಮೊಟ್ಟೆಯಲ್ಲಿ ಕೆಂಪು ಎಳೆಗಳು ಜೇಡರ ಬಲೆಯಂತೆ ಕಾಣುತ್ತವೆ. ಅವು ರಕ್ತನಾಳಗಳು. ಅಷ್ಟು ಹೊತ್ತಿಗೆ ಒಳಗಿನ ಮರಿಗೆ ಬೆನ್ನುಹುರಿ ರೂಪುಗೊಂಡು, ನರಗಳು ಕಾಲು ರೆಕ್ಕೆಗಳ ಕಡೆಗೆ ಹೊರಟಿರುತ್ತವೆ. ಅವು ಬರಿಗಣ್ಣಿಗೆ ಕಾಣುವುದಿಲ್ಲ. ಅವನ್ನು ನೋಡಿ, ಎಣಿಸಿ, ಲೆಕ್ಕ ಇಟ್ಟ ಒಬ್ಬ ಹೆಣ್ಣುಮಗಳ ಕತೆಯನ್ನು ಈ ಸಲ ಹೇಳುತ್ತಿದ್ದೇವೆ.

ರೀಟಾ ಲೆವಿ-ಮೊಂಟಾಲ್ಚಿನಿ ಹುಟ್ಟಿದ್ದು 1909ರಲ್ಲಿ, ಇಟಲಿಯ ಟುರಿನ್ ನಗರದ ಯಹೂದಿ ಮನೆಯಲ್ಲಿ. ಹೆಣ್ಣುಮಕ್ಕಳಿಗೆ ದೊಡ್ಡ ಓದು ಬೇಡ ಎನ್ನುವುದು ಅಪ್ಪನ ನಿಲುವು. ರೀಟಾ ಅಪ್ಪನನ್ನು ಒಪ್ಪಿಸಿ ವೈದ್ಯಕೀಯ ಸೇರಿದರು, 1936ರಲ್ಲಿ ಪದವಿ ಪಡೆದರು. ಪ್ರೊಫೆಸರ್ ಜುಸೆಪ್ಪೆ ಲೆವಿ ಅವರ ಬಳಿ ನರಗಳ ಅಧ್ಯಯನ ಶುರುವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1938ರಲ್ಲಿ, ಮುಸೊಲಿನಿ ಸರ್ಕಾರ ಜನಾಂಗ ಕಾನೂನು ತಂದಿತು. ಯಹೂದಿಗಳು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವಂತಿಲ್ಲ ಎಂದಾಯಿತು. ಗುರುವೂ ಹೊರಗೆ, ಶಿಷ್ಯೆಯೂ ಹೊರಗೆ. ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚುವುದು ಎಂದರೇನು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ರೀಟಾ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಗಳನ್ನು ಮಸೆದು ಚಾಕುಗಳಾಗಿಸಿದರು. ಒಂದು ಮೈಕ್ರೋಸ್ಕೋಪ್ ಇತ್ತು. ಇನ್ನು ಬೇಕಾಗಿದ್ದದ್ದು ಮೊಟ್ಟೆ. ಕೆಲಸ ಕಳೆದುಕೊಂಡಿದ್ದ ಗುರು ಲೆವಿ ಅಲ್ಲಿಗೇ ಬಂದು ಶಿಷ್ಯೆಗೆ ಸಹಾಯಕರಾಗಿ ನಿಂತರು.

ಟುರಿನ್ ಮೇಲೆ ಬಾಂಬುಗಳು ಬೀಳತೊಡಗಿದಾಗ ಕುಟುಂಬ ಹಳ್ಳಿಗೆ ಹೋಯಿತು. ರೀಟಾ ಸೈಕಲ್ ಹತ್ತಿ ರೈತರ ಮನೆಮನೆಗೆ ಹೋಗಿ ಮೊಟ್ಟೆ ಕೇಳುತ್ತಿದ್ದರು. ಹುಂಜ ಇರುವ ಮನೆಯ ಮೊಟ್ಟೆಯೇ ಆಗಬೇಕು, ಇಲ್ಲದಿದ್ದರೆ ಅದರಲ್ಲಿ ಮರಿಯಾಗುವುದಿಲ್ಲ. ಅಂಥ ಮೊಟ್ಟೆಯೇ ಯಾಕೆ ಎಂದು ಕೇಳಿದವರಿಗೆ, ನನ್ನ ಮಕ್ಕಳಿಗೆ ಅದರಲ್ಲಿ ಪುಷ್ಟಿ ಹೆಚ್ಚು ಎನ್ನುತ್ತಿದ್ದರು. ಅವರಿಗೆ ಮದುವೆಯೇ ಆಗಿರಲಿಲ್ಲ! ಪ್ರಯೋಗ ಮುಗಿದ ಮೇಲೆ ಉಳಿದದ್ದು ಅಡುಗೆಮನೆಗೆ ಹೋಗುತ್ತಿತ್ತು. ಅದು ಗೊತ್ತಾದ ಮೇಲೆ ಅಣ್ಣ ಜಿನೊ ಆಮ್ಲೆಟ್ ಮುಟ್ಟಲಿಲ್ಲ.

ಈಗ ಪ್ರಯೋಗದ ವಿಷಯ. ಅಮೆರಿಕದಲ್ಲಿದ್ದ ಜರ್ಮನ್ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಒಂದು ವಿಷಯ ಬರೆದಿದ್ದರು. ಮೊಟ್ಟೆಯೊಳಗಿನ ಮರಿಯ ಕಾಲೋ ರೆಕ್ಕೆಯೋ ಆಗಬೇಕಾದ ಮೊಳಕೆಯನ್ನು ಮೊದಲೇ ಕತ್ತರಿಸಿ ತೆಗೆದರೆ, ಬೆನ್ನುಹುರಿಯಲ್ಲಿ ಆ ಭಾಗದ ನರಕೋಶಗಳು ತೀರಾ ಕಡಿಮೆಯಾಗುತ್ತವೆ. ಕಾರಣವೇನು? ಕಾಲಿನಿಂದ ಬರಬೇಕಾದ ಸೂಚನೆ ಬರಲಿಲ್ಲ, ಹಾಗಾಗಿ ನರಕೋಶಗಳು ತಯಾರಾಗಲೇ ಇಲ್ಲ ಎಂದು ಅವರು ಊಹಿಸಿದ್ದರು.

ರೀಟಾ ಅದೇ ಪ್ರಯೋಗ ಮಾಡಿದರು. ಆದರೆ ಕೊನೆಯಲ್ಲಿ ಒಮ್ಮೆ ನೋಡಿ ಬಿಡಲಿಲ್ಲ. ಬೇರೆ ಬೇರೆ ದಿನಗಳ ಮೊಟ್ಟೆ ಒಡೆದು, ಒಳಗಿನ ಭ್ರೂಣವನ್ನು ತೆಳುವಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಎಣಿಸಿದರು. ನರಕೋಶಗಳು ಹುಟ್ಟಿದ್ದವು, ಕಾಲಿನ ಕಡೆಗೆ ಹೊರಟೂ ಇದ್ದವು. ಅಲ್ಲಿ ಕಾಲು ಸಿಗದೆ, ಆಮೇಲೆ ಸತ್ತಿದ್ದವು. ಹುಟ್ಟದಿರುವುದು ಬೇರೆ, ಹುಟ್ಟಿ ಆಸರೆ ಸಿಗದೆ ಸಾಯುವುದು ಬೇರೆ. ನರಕೋಶ ತಾನು ಮುಟ್ಟುವ ಜಾಗದಿಂದ ಏನನ್ನೋ ಪಡೆದು ಬದುಕುತ್ತದೆ ಎಂಬ ಸುಳಿವು ಇಲ್ಲಿ ಸಿಕ್ಕಿತು.

ಇಟಲಿಯ ಪತ್ರಿಕೆಗಳು ಯಹೂದಿಗಳ ಲೇಖನ ಹಾಕುವಂತಿರಲಿಲ್ಲ. ಗುರು ಶಿಷ್ಯೆಯ ಬರಹ 1942ರಲ್ಲಿ ಬೆಲ್ಜಿಯಂನಲ್ಲಿ ಅಚ್ಚಾಯಿತು. 1943ರಲ್ಲಿ ಜರ್ಮನ್ ಸೈನ್ಯ ಇಟಲಿಗೆ ನುಗ್ಗಿದಾಗ ಕುಟುಂಬ ಫ್ಲಾರೆನ್ಸ್‌ಗೆ ಹೋಗಿ ಸುಳ್ಳು ಹೆಸರಿನಲ್ಲಿ ಅಡಗಿತು. ಯುದ್ಧ ಮುಗಿದ ಮೇಲೆ ಆ ಬರಹ ಓದಿದ ಹ್ಯಾಂಬರ್ಗರ್ ರೀಟಾ ಅವರನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ತನ್ನ ಊಹೆ ತಪ್ಪು ಎಂದವಳನ್ನೇ ಜೊತೆಗೆ ಕೆಲಸಕ್ಕೆ ಕರೆದರು. 1947ರಲ್ಲಿ ಕೆಲವು ತಿಂಗಳಿಗೆಂದು ಹೋದ ರೀಟಾ ಸುಮಾರು 30 ವರ್ಷ ಅಲ್ಲೇ ದುಡಿದರು.

ಆ 'ಏನನ್ನೋ' ಎಂಬುದು ಏನು? ಇಲಿಯ ಒಂದು ಬಗೆಯ ಗಡ್ಡೆಯನ್ನು ಭ್ರೂಣಕ್ಕೆ ಕಸಿ ಮಾಡಿದರೆ ನರಗಳು ಅದರತ್ತ ಸಿಕ್ಕಾಪಟ್ಟೆ ಬೆಳೆಯುತ್ತಿದ್ದವು. 1952ರಲ್ಲಿ ರೀಟಾ ಗಡ್ಡೆಯಿದ್ದ ಎರಡು ಇಲಿಗಳನ್ನು ಜೊತೆಗಿಟ್ಟುಕೊಂಡು ವಿಮಾನದಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಗಾಜಿನ ಮೇಲೆ ನರಕೋಶಗಳ ಪುಟ್ಟ ಗಂಟಿನ ಪಕ್ಕ ಗಡ್ಡೆಯ ಚೂರು ಇಟ್ಟರು. ಒಂದು ದಿನದೊಳಗೆ ಗಂಟಿನ ಸುತ್ತ ಸೂರ್ಯನ ಕಿರಣದಂತೆ ಎಳೆಗಳು ಹೊರಟವು. ಗಡ್ಡೆಯಿಂದ ಏನೋ ಒಸರುತ್ತಿದೆ ಎಂಬುದು ಖಚಿತವಾಯಿತು.

ಅದನ್ನು ಬೇರ್ಪಡಿಸಿದವರು 1953ರಲ್ಲಿ ಜೊತೆಗೂಡಿದ ಸ್ಟ್ಯಾನ್ಲಿ ಕೋಹೆನ್. ಪರೀಕ್ಷೆಗೆಂದು ಅವರು ಒಂದಿಷ್ಟು ಹಾವಿನ ವಿಷ ಬೆರೆಸಿದಾಗ ನರಗಳು ಇನ್ನೂ ಜೋರಾಗಿ ಬೆಳೆದವು. ವಿಷದಲ್ಲೇ ಆ ವಸ್ತು ಗಡ್ಡೆಯಲ್ಲಿರುವುದಕ್ಕಿಂತ ಹೆಚ್ಚಿತ್ತು. ಹಾವಿನ ವಿಷದ ಗ್ರಂಥಿ ನಮ್ಮ ಜೊಲ್ಲಿನ ಗ್ರಂಥಿಗೆ ಸಮ. ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿ ನೋಡೋಣ ಎಂದರು. ಅಲ್ಲಿ ಧಾರಾಳವಾಗಿ ಸಿಕ್ಕಿತು. ಅದೊಂದು ಪ್ರೋಟೀನ್. ಎನ್‌ಜಿಎಫ್, ಅಂದರೆ ನರ ಬೆಳೆಸುವ ಅಂಶ, ಎಂದು ಹೆಸರಾಯಿತು.

ಅದು ಕೆಲಸ ಮಾಡುವ ರೀತಿ ಹೀಗೆ. ಚರ್ಮದಂಥ ಜಾಗಗಳು ಈ ಪ್ರೋಟೀನನ್ನು ತುಸುವೇ ಒಸರುತ್ತವೆ. ನರದ ತುದಿ ಅದನ್ನು ಹಿಡಿದು ದೂರದಲ್ಲಿರುವ ಕೋಶದ ಒಡಲಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಬಂದ ಕೋಶ ಉಳಿಯುತ್ತದೆ, ಬಾರದ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಆರೋಗ್ಯವಂತ ಮರಿಯಲ್ಲೂ ಹೀಗೇ. ದೇಹ ಮೊದಲು ಬೇಕಾದ್ದಕ್ಕಿಂತ ಹೆಚ್ಚು ನರಕೋಶ ಹುಟ್ಟಿಸಿ, ಜಾಗ ಸಿಕ್ಕವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನಾವು ಸಸಿಮಡಿಯಲ್ಲಿ ಒತ್ತಾಗಿ ಬಿತ್ತಿ ಆಮೇಲೆ ತೆಳು ಮಾಡುವ ಹಾಗೆ. ಎಲ್ಲ ನರಗಳಿಗೂ ಇದೇ ಪ್ರೋಟೀನ್ ಅಲ್ಲ. ನೋವು, ಬಿಸಿ ತಿಳಿಸುವ ನರಗಳಿಗೆ ಎನ್‌ಜಿಎಫ್ ಬೇಕು. ಬೇರೆ ನರಗಳಿಗೆ ಅದರ ದಾಯಾದಿಗಳಂಥ ಬೇರೆ ಪ್ರೋಟೀನುಗಳಿವೆ.

1986ರಲ್ಲಿ ರೀಟಾ ಮತ್ತು ಕೋಹೆನ್ ಅವರಿಗೆ ನೊಬೆಲ್ ಬಂತು. ರೀಟಾ 2012ರ ಡಿಸೆಂಬರ್ 30ರಂದು, 103ನೇ ವಯಸ್ಸಿನಲ್ಲಿ ತೀರಿಕೊಂಡರು. 2018ರಲ್ಲಿ ಅಮೆರಿಕ ಒಂದು ಕಣ್ಣಿನ ಹನಿ ಔಷಧಕ್ಕೆ ಅನುಮತಿ ಕೊಟ್ಟಿತು. ಕಣ್ಣಿನ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯ ನರಗಳು ಹಾಳಾಗಿ ಹುಣ್ಣು ಮಾಯದವರಿಗೆ ಅದು. ಆ ಹನಿಯಲ್ಲಿರುವುದು ಎನ್‌ಜಿಎಫ್. ಅದರ ಮೊದಲ ಸುಳಿವು ಸಿಕ್ಕಿದ್ದು, ಕೆಲಸದಿಂದ ಹೊರಹಾಕಿಸಿಕೊಂಡ ಹುಡುಗಿ ರೈತರ ಮನೆಯಿಂದ ಸೈಕಲ್ ಮೇಲೆ ತಂದ ಮೊಟ್ಟೆಗಳಲ್ಲಿ.